ಮೂವತ್ತೆಂಟು ಕಿಲೋಮೀಟರಿನ ದಾರಿ

ನಮ್ಮೂರಿನಲ್ಲಿ ನನ್ನನ್ನು ಯಾರೂ ಗಾಡಿಗೆ ಹತ್ತಿಸಿಕೊಳ್ಳುವುದಿಲ್ಲ. ಜಗಳವೇನಿಲ್ಲ. ಎದುರು ಸಿಕ್ಕರೆ ಎಲ್ಲರೂ ಮಾತಾಡಿಸುತ್ತಾರೆ, ಮದುವೆಗೆ ಕರೆಯುತ್ತಾರೆ, ಹಬ್ಬದ ದಿನ ಹೋಳಿಗೆ ಕಳಿಸುತ್ತಾರೆ. ಆದರೆ ಹೊಳೆಯಾಚೆಯ ಪೇಟೆಗೆ ಹೋಗಬೇಕೆಂದು ನಾನು ರಸ್ತೆ ಬದಿಗೆ ನಿಂತೆನೆಂದರೆ ಸಾಕು, ಸ್ಕೂಟರಿನವರೆಲ್ಲ ಕಣ್ಣಿಗೆ ಧೂಳು ಬಿದ್ದವರ ಹಾಗೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಹಿಟ್ಟಿನ ಗಿರಣಿಯ ಶಾಂತಪ್ಪ ಒಮ್ಮೆ ಬಾಯಿಬಿಟ್ಟೇ ಹೇಳಿದ್ದ: "ಅಂಬುಜಕ್ಕ, ತಪ್ಪು ತಿಳ್ಕಬ್ಯಾಡ್ರಿ. ನಿಮ್ಮನ್ನ ಹಿಂದೆ ಕೂರಿಸ್ಕಂಡ್ರೆ ಮೂಟೇಲಿರೋ ಹಿಟ್ಟಿಗೆ ಹುಳ ಬೀಳೋ ತನಕ ಪೇಟೆ ಸಿಗಲ್ಲ."

ಅವನ ಮಾತಿನಲ್ಲಿ ಸುಳ್ಳಿಲ್ಲ. ನಮ್ಮೂರಿನಿಂದ ಹೊಳೆಯಾಚೆಗೆ ಇರುವುದು ಒಂದೇ ದಾರಿ, ಎರಡೂ ಕಡೆ ಕರಿನೆಲ. ನಕಾಶೆಯಲ್ಲಿ ಅದು ಮೂವತ್ತೆಂಟು ಕಿಲೋಮೀಟರು. ನೆಮ್ಮದಿಯಾಗಿ ಹೋಗುವವರಿಗೆ ಮೂವತ್ತೆಂಟೇ. ಹೊಟ್ಟೆಯಲ್ಲಿ ಕಳವಳ ಇಟ್ಟುಕೊಂಡು ಹೊರಟವರಿಗೆ ಅದು ಬೆಳೆಯುತ್ತದೆ. ಎಷ್ಟು ಕಳವಳವೋ ಅಷ್ಟು ದೂರ. ಊರಿನಲ್ಲಿ ನನ್ನಷ್ಟು ಕಳವಳ ಪಡುವವರು ಇನ್ನೊಬ್ಬರಿಲ್ಲ.

ನಮ್ಮವರು ಇದಕ್ಕೆ ಹೊಂದಿಕೊಂಡ ರೀತಿ ನೋಡಬೇಕು. ಊರ ಬಾಗಿಲಿನಲ್ಲಿ ಗಂಗಮಾಳವ್ವನ ಚಹಾದಂಗಡಿ ಇದೆ. ಅದರ ಗೋಡೆಗೆ ಸಾಲಾಗಿ ಮೊಳೆ ಹೊಡೆದಿದ್ದಾರೆ. ಹೊರಡುವವರು ಕೈಗಡಿಯಾರ ಬಿಚ್ಚಿ ಅಲ್ಲಿ ನೇತುಹಾಕಿ, ಒಂದು ಲೋಟ ಚಹಾ ಕುಡಿದು, ಆಮೇಲೆ ಗಾಡಿ ಹತ್ತುತ್ತಾರೆ. ಹೊರಟವರಿಗೆ "ಯಾವಾಗ ಬರ್ತೀ" ಎಂದು ಯಾರೂ ಕೇಳುವುದಿಲ್ಲ. "ಬೇಗ ಬಾ" ಎನ್ನುವುದು ನಮ್ಮಲ್ಲಿ ಬೈಗುಳ. ಮಕ್ಕಳ ಬಾಯಲ್ಲಿ ಬಂದರೆ ಅಮ್ಮಂದಿರು ತುಟಿಗೆ ಬೆರಳಿನಿಂದ ತಟ್ಟುತ್ತಾರೆ. ದಾರಿಯಲ್ಲಿ ಜೊತೆಯವನ ಮುಖ ಚಿಕ್ಕದಾಗಿದ್ದು ಕಂಡರೆ ಏನಾದರೊಂದು ಹರಟೆ ತೆಗೆದು ಅವನ ಮನಸ್ಸನ್ನು ಬೇರೆ ಕಡೆ ತಿರುಗಿಸಲೇಬೇಕು. ಹಾಗೆ ಮಾಡದೆ ಸುಮ್ಮನೆ ಕೂತವನನ್ನು ನಮ್ಮೂರು ಬಹಳ ದಿನ ಮರೆಯುವುದಿಲ್ಲ. ಆಂಬುಲೆನ್ಸಿನ ನಿಯಮ ಇನ್ನೂ ಬಿಗಿ. ಒಳಗಿರುವವರಿಗೆ ಏನಾಗಿದೆ ಎಂದು ಡ್ರೈವರಿಗೆ ಹೇಳಬಾರದು. ರೋಗಿಯ ಕಡೆಯವರು ಯಾರೂ ಹತ್ತಬಾರದು.

ಈ ಕೊನೆಯ ನಿಯಮ ಬಂದದ್ದು ನನ್ನಿಂದ. ನನಗೆ ಹದಿನೈದು ವರ್ಷವಿದ್ದಾಗ ನಮ್ಮವ್ವನಿಗೆ ಹೆರಿಗೆ ನೋವು ಬಂತು. ಜೀಪಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ದಾರಿಯುದ್ದಕ್ಕೂ "ಬೇಗ, ಬೇಗ" ಎಂದು ಕೂಗಿದೆ. ಅರ್ಧ ದಾರಿಯಲ್ಲಿರುವ ಹುಣಸೆಮರದ ಕಟ್ಟೆ ತಲುಪುವ ಹೊತ್ತಿಗೆ ಬೆಳಗ್ಗೆ ಹೊರಟವರಿಗೆ ಸಂಜೆಯಾಗಿತ್ತು. ತಂಗಿ ತಾರಿಣಿ ಆ ಕಟ್ಟೆಯ ಮೇಲೆ ಹುಟ್ಟಿದಳು. ಅವ್ವ ಅಲ್ಲಿಂದ ಮುಂದೆ ಬರಲಿಲ್ಲ. ಆ ದಿನ ದಾರಿ ಎಷ್ಟು ಬೆಳೆದಿತ್ತು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ, ಏಕೆಂದರೆ ಜೀಪಿನ ಮೀಟರು ಕೆಟ್ಟಿತ್ತು. ನಿನ್ನಿಂದಾಗಿ ಎಂದು ಯಾರೂ ನನಗೆ ಅಂದಿಲ್ಲ. ಅಂದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆನೋ ಏನೋ.

ಆಮೇಲೆ ನಾನು ಮೀಟರು ರಿಪೇರಿ ಕಲಿತೆ. ಯಾರೂ ಕಲಿಸಲಿಲ್ಲ, ಗುಜರಿಯಿಂದ ತಂದು ಬಿಚ್ಚಿ ಬಿಚ್ಚಿ ಕಲಿತೆ. ಒಂದು ಚಿಕ್ಕ ಅಂಗಡಿ ಇಟ್ಟೆ. ಊರಿನ ಪ್ರತಿ ಗಾಡಿಯ ಮೀಟರೂ ನನ್ನ ಕೈಯಿಂದ ಹೋದದ್ದು, ಆದ್ದರಿಂದ ಹೊಳೆಯಾಚೆಗೆ ಹೋಗಿಬಂದವರೆಲ್ಲ ಅಂಗಡಿಯ ಮುಂದೆ ನಿಂತು, ಎಷ್ಟಾಯಿತು, ಮನಸ್ಸಿನಲ್ಲಿ ಏನಿತ್ತು ಎಂದು ಹೇಳಿ ಹೋಗುವುದು ರೂಢಿಯಾಯಿತು. ಗಾಡಿ ಹತ್ತಿಸಿಕೊಳ್ಳದಿದ್ದರೂ ಮಾತು ಹೇಳಲು ಯಾರೂ ಹಿಂದೆ ಬೀಳಲಿಲ್ಲ. ನಾನು ಬರೆದಿಟ್ಟುಕೊಂಡೆ. ತಾರೀಖು, ಯಾರು, ದೂರ, ಷರಾ ಎಂದು ನಾಲ್ಕು ಕಾಲಂ. ಹನ್ನೊಂದು ಪುಸ್ತಕ ತುಂಬಿದವು. ಮೊದಲ ಪುಸ್ತಕದ ಮೊದಲ ಸಾಲು ಅವ್ವನದು. ಅದರಲ್ಲಿ ದೂರದ ಕಾಲಂ ಖಾಲಿ. ಬೇರೆಯವರು ಇದನ್ನು ಹುಚ್ಚು ಅನ್ನುತ್ತಿದ್ದರು. ತಾರಿಣಿ ಮಾತ್ರ "ಸಂಶೋಧನೆ" ಅನ್ನುತ್ತಿದ್ದಳು, ಅದೂ ನಗುತ್ತಾ.

ಅಷ್ಟು ಪುಸ್ತಕದಿಂದ ನಾನು ಕಂಡುಕೊಂಡದ್ದು ಒಂದೇ ಒಂದು. ದಾರಿ ಎಷ್ಟೇ ಬೆಳೆಯಲಿ, ಹುಣಸೆಮರದ ಕಟ್ಟೆ ಯಾವಾಗಲೂ ಸರಿಯಾಗಿ ನಡುವೆಯೇ ಇರುತ್ತದೆ. ಮೂವತ್ತೆಂಟಾದರೆ ಹತ್ತೊಂಬತ್ತಕ್ಕೆ, ಅರವತ್ತಾದರೆ ಮೂವತ್ತಕ್ಕೆ.

ಈ ಸಂಗತಿಯಿಂದ ಯಾರಿಗಾದರೂ ಏನಾದರೂ ಉಪಯೋಗವಿದೆ ಎಂದು ನನಗೆ ಗೊತ್ತಾದದ್ದು ಸಾರಿಗೆ ಯೋಜನಾ ಮಂಡಳಿಯ ಪತ್ರ ಬಂದ ದಿನ. ದೇಶದ ಸಣ್ಣ ಊರುಗಳಲ್ಲಿರುವ ಡೀಸೆಲ್ ಆಂಬುಲೆನ್ಸುಗಳನ್ನೆಲ್ಲ ತೆಗೆದು ಬ್ಯಾಟರಿ ಗಾಡಿ ಕೊಡುತ್ತಾರಂತೆ. ಒಮ್ಮೆ ಚಾರ್ಜು ಮಾಡಿದರೆ ತೊಂಬತ್ತು ಕಿಲೋಮೀಟರು. ನಮ್ಮೂರಿಂದ ಹೊಳೆಯಾಚೆಯ ಆಸ್ಪತ್ರೆಗೆ ಹೋಗಿಬರಲು ಎಪ್ಪತ್ತಾರು. ಹದಿನಾಲ್ಕು ಮಿಕ್ಕಿತು. ಆದುದರಿಂದ ನಡುವೆ ಚಾರ್ಜಿಂಗ್ ಕೇಂದ್ರದ ಅಗತ್ಯ ಕಂಡುಬರುವುದಿಲ್ಲ. ಮಂಡಳಿಯ ಅಧಿಕಾರಿ ಬಂದು ಮೂರು ಸಲ ಗಾಡಿ ಓಡಿಸಿ ಪ್ರಯೋಗ ಮಾಡತಕ್ಕದ್ದು. ಪ್ರಯೋಗ ಮುಗಿದ ಮೇಲೆ ತಿಂಗಳ ಕೊನೆಗೆ ಹಳೆಯ ಗಾಡಿ ವಾಪಸು ಕಳಿಸತಕ್ಕದ್ದು.

ಶಾಂತಪ್ಪ ಆಗ ಪಂಚಾಯಿತಿ ಅಧ್ಯಕ್ಷನೂ ಆಗಿದ್ದ. ಪತ್ರ ಓದಿ ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ತಾರಿಣಿಗೆ ಎಂಟು ತಿಂಗಳು ತುಂಬಿತ್ತು. ಅವಳ ಗಂಡ ರೈಲುಹಳಿ ಹಾಕುವ ಗುಂಪಿನ ಜೊತೆ ಎಲ್ಲೋ ದೂರದಲ್ಲಿದ್ದ. ಹೆರಿಗೆ ಮುಂದಿನ ತಿಂಗಳ ಮೊದಲ ವಾರ ಎಂದು ಡಾಕ್ಟರು ಹೇಳಿದ್ದರು. ನನ್ನ ಪುಸ್ತಕಗಳಲ್ಲಿ ಹೆರಿಗೆಗೆ ಹೋದವರ ದೂರ ಹೀಗಿತ್ತು: ಅರವತ್ತೊಂದು, ಎಪ್ಪತ್ತನಾಲ್ಕು, ಅರವತ್ತೆಂಟು, ತೊಂಬತ್ತೇಳು. ಡ್ರೈವರಿಗೆ ಹೇಳದೆ ಇರಬಹುದು, ಮನೆಯವರನ್ನು ಇಳಿಸಬಹುದು. ನೋವು ತಿನ್ನುವವಳಿಗೆ ಕಳವಳ ಪಡಬೇಡ ಎನ್ನುವುದು ಹೇಗೆ?

"ತೊಂಬತ್ತೇಳು ಹೋಗಬೇಕಾದ ದಿನ ತೊಂಬತ್ತಕ್ಕೆ ಗಾಡಿ ನಿಂತರೆ ಏನ್ ಮಾಡ್ತೀಯ ಶಾಂತಪ್ಪ? ಕಟ್ಟೆ ಹತ್ರ ಒಂದು ಚಾರ್ಜಿಂಗ್ ಕೇಂದ್ರ ಕೇಳು. ಅದು ಆಗೋ ತನಕ ಹಳೇ ಗಾಡಿ ಇರಲಿ ಅನ್ನು."

ಶಾಂತಪ್ಪ ಅತ್ತಿತ್ತ ನೋಡಿ ನನ್ನನ್ನು ಬದಿಗೆ ಕರೆದ. "ಅಕ್ಕ, ನಿಮ್ ಕಾಲಿಗೆ ಬೀಳ್ತೀನಿ, ಆ ಪುಸ್ತಕ ತಂದು ಅವರಿಗೆ ತೋರಿಸ್ಬ್ಯಾಡ್ರಿ. ದಾರಿ ಉದ್ದ ಹೆಚ್ಚುಕಮ್ಮಿ ಆಗ್ತದೆ ಅಂತ ಗೊತ್ತಾದ್ರೆ ಈ ಊರೇ ಬ್ಯಾಡ ಅಂತ ಯೋಜನೆಯಿಂದ ಗೀಟು ಹೊಡೀತಾರೆ. ಆಮೇಲೆ ಹೊಸದೂ ಇಲ್ಲ, ಹಳೇದೂ ಇಲ್ಲ."

ಅದೂ ನಿಜವಿರಬಹುದು ಅನ್ನಿಸಿತು. ನನ್ನ ಕಷ್ಟವೇ ಇದು, ಯಾರು ಏನು ಹೆದರಿಸಿದರೂ ನಿಜ ಅನ್ನಿಸುತ್ತದೆ.

ಅಧಿಕಾರಿ ಬಂದರು. ಹೆಸರು ಪಾರ್ಶ್ವನಾಥ ಉಪಾಧ್ಯೆ. ಐವತ್ತರ ಹತ್ತಿರದ ಮನುಷ್ಯ, ತೆಳ್ಳಗೆ, ಅಂಗಿಯ ಜೇಬಿನಲ್ಲಿ ಮೂರು ಪೆನ್ನು, ಪುಸ್ತಕದ ಕನ್ನಡ. ಹೊಸ ಗಾಡಿ ಬೆಳ್ಳಗೆ, ಸದ್ದಿಲ್ಲದೆ, ಸಾಕಿದ ಹಂಸದ ಹಾಗೆ ಬಂದು ಚಹಾದಂಗಡಿಯ ಮುಂದೆ ನಿಂತಿತು. ಓಡಿಸಲು ಇಮಾಮಸಾಬನನ್ನೇ ಗೊತ್ತುಮಾಡಿದ್ದರು. ಇಪ್ಪತ್ತು ವರ್ಷದಿಂದ ಆಂಬುಲೆನ್ಸು ಓಡಿಸುತ್ತಿರುವವನು ಅವನು. ಒಂದು ಕಥೆ ಶುರು ಮಾಡಿದನೆಂದರೆ ಮುರಿದ ಕಾಲಿನವನೂ ಆಮೇಲೇನಾಯಿತು ಎಂದು ಕೇಳುತ್ತಿದ್ದ.

ಮೊದಲ ಎರಡು ದಿನ ನಮ್ಮವರು ಮಾಡಿದ ತಪ್ಪನ್ನು ಬೇರೆ ಯಾವ ಊರಿನವರೂ ಮಾಡಲಾರರು. ದೊಡ್ಡ ಊರಿನ ಸಾಹೇಬರ ಮುಂದೆ ಮರ್ಯಾದೆ ಉಳಿಯಲಿ ಎಂದು ಊರಿನ ಅತ್ಯಂತ ನಿಶ್ಚಿಂತ ಜನರನ್ನು ಆರಿಸಿ ಗಾಡಿಯಲ್ಲಿ ಕೂರಿಸಿದರು. ಕೂತಲ್ಲೇ ಗೊರಕೆ ಹೊಡೆಯುವ ಗೌಡರು, ಮಗ ಫೇಲಾದ ದಿನವೂ ಎರಡು ಹೋಳಿಗೆ ಹೆಚ್ಚು ತಿಂದ ಮೇಷ್ಟ್ರು, ಇಂಥವರು. ಗಾಡಿ ಹೋಗಿಬಂತು. ಮೂವತ್ತೆಂಟು, ಮೂವತ್ತೆಂಟು. ಮಾರನೆಯ ದಿನವೂ ಹಾಗೇ. ಉಪಾಧ್ಯೆಯವರು ಬರೆದುಕೊಂಡರು. ಶಾಂತಪ್ಪ ಸಕ್ಕರೆ ಹಂಚಿದ. ಗೆದ್ದೆವೆಂದುಕೊಂಡರು, ಪಾಪ.

ತಾರಿಣಿ ಬಾಗಿಲಲ್ಲಿ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು. ಪಾದ ಊದಿಕೊಂಡಿತ್ತು. "ಅಕ್ಕ, ಹಿಂಗೆ ಓಡಾಡ್ತಿದ್ರೆ ಮನೆ ನೆಲಾನೂ ಉದ್ದ ಆಗಿಬಿಡ್ತದೆ. ಹೋಗಿ ಅವರಿಗೆ ಹೇಳೋದು ಹೇಳು."

"ನಗ್ತಾರೆ ಕಣೇ."

"ನಕ್ರೆ ನಗಲಿ. ಒಂದ್ ಸಲ ಆ ಕಟ್ಟೆ ಮೇಲೆ ಹುಟ್ಟಿದ್ದೀನಿ, ಸಾಕು. ನನ್ ಮಗಾನೂ ಅಲ್ಲೇ ಹುಟ್ಟಬೇಕಾ?"

ಅವಳು ನಗುತ್ತಲೇ ಅಂದಳು. ನಾನು ಚೀಲಕ್ಕೆ ಹನ್ನೊಂದೂ ಪುಸ್ತಕ ತುಂಬಿಕೊಂಡು ಚಹಾದಂಗಡಿಗೆ ಹೋದೆ.

ಉಪಾಧ್ಯೆ ಬೆಂಚಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಮೂರನೆಯ ಪ್ರಯೋಗ ಬಾಕಿ ಇತ್ತು. ಅದರಲ್ಲಿ ಸಾರ್ವಜನಿಕರ ಪೈಕಿ ಒಬ್ಬ ಸ್ವತಂತ್ರ ಪರಿಶೀಲಕರು ಜೊತೆಗಿರಬೇಕೆಂದು ಅವರ ನಿಯಮವಂತೆ. ನಾನು ಕೇಳುವ ಮೊದಲೇ ಗಂಗಮಾಳವ್ವ ಲೋಟ ತೊಳೆಯುತ್ತಾ ಹೇಳಿಬಿಟ್ಟಳು: "ಈಕೀನ ಕರ್ಕಂಡು ಹೋಗ್ರಿ ಸಾಹೇಬ್ರೆ. ಇವಳ ತಂಗಿಗೆ ಹಾಲುಹಲ್ಲು ಇದ್ದಾಗಿಂದ ಅಳೀತಾ ಇದ್ದಾಳೆ."

ಅವರು ಒಂದು ನಮೂನೆ ಮುಂದಿಟ್ಟರು. ಹೆಸರು ಬರೆದೆ. ಸಂಸ್ಥೆ ಎಂದು ಕೇಳಿದ ಕಡೆ ಪೆನ್ನು ನಿಂತಿತು. ಆಮೇಲೆ "ಮೀಟರ್ ಅಂಗಡಿ" ಎಂದು ಬರೆದೆ. ಅವರು ನಗಲಿಲ್ಲ. ಅದೇ ನನಗೆ ಸಾಕಾಗಿತ್ತು.

ಸುದ್ದಿ ಹರಡಿ ಶಾಂತಪ್ಪ ಓಡಿ ಬಂದ. ಸಾಹೇಬರ ಮುಂದೆ ಏನೂ ಹೇಳಲಾಗದೆ ನನ್ನ ಕಡೆ ಕೈಮುಗಿದು ನಿಂತ. ನಾನು ಕಣ್ಣು ತಪ್ಪಿಸಿದೆ. ನನ್ನ ಲೆಕ್ಕ ಸ್ಪಷ್ಟವಾಗಿತ್ತು. ಸಾಕ್ಷಿ ಬೇಕು, ಸಾಕ್ಷಿಗೆ ಕಳವಳ ಬೇಕು, ಕಳವಳಕ್ಕೆ ನಾನಿದ್ದೇನೆ. ಆ ಸಂಜೆ ಕೂತು ಚಿಂತೆಗಳ ಪಟ್ಟಿ ಬೇರೆ ಮಾಡಿಕೊಂಡೆ. ತಾರಿಣಿಯ ಪಾದದ ಊತ, ಹಳೆಯ ಗಾಡಿ ಹೋಗುವ ದಿನ, ಕಟ್ಟೆಯ ಕಲ್ಲು, ಅವ್ವನ ಕೈಬಳೆ. ಜೀವಮಾನದಲ್ಲಿ ಮೊದಲ ಸಲ ನನ್ನ ರೋಗ ನಾಲ್ಕು ಜನರಿಗೆ ಮದ್ದಾಗಲಿದೆ ಅಂದುಕೊಂಡೆ.

ಬೆಳಗ್ಗೆ ಹೊರಟೆವು. ಇಮಾಮಸಾಬ, ಪಕ್ಕದಲ್ಲಿ ಉಪಾಧ್ಯೆ, ಹಿಂದೆ ನಾನು, ನನ್ನ ಪಕ್ಕ ಪುಸ್ತಕದ ಚೀಲ. ಊರು ದಾಟುತ್ತಿದ್ದ ಹಾಗೇ ಕಣ್ಣು ಮುಚ್ಚಿ ಪಟ್ಟಿಯ ಮೊದಲನೆಯದನ್ನು ನೆನೆಯಲು ಶುರು ಮಾಡಿದೆ. ಊದಿದ ಪಾದ. ಊದಿದ ಪಾದ.

"ಮೇಡಂ, ಒಂದು ಪುಸ್ತಕ ನೋಡಬಹುದೇ?" ಉಪಾಧ್ಯೆ ಹಿಂದಕ್ಕೆ ತಿರುಗಿ ಕೇಳಿದರು.

ಕೊಟ್ಟೆ. ಅವರು ಓದತೊಡಗಿದರು. "ಇದೇನಿದು? ಮದುಮಗ, ಐವತ್ತೊಂದು. ಷರಾ: ಬ್ಯಾಂಡಿನವರು ಬಂದರೇ ಎಂದು ಮೂರು ಸಲ ಕೇಳಿದ."

"ಹೂಂ ಸಾರ್. ಬ್ಯಾಂಡಿನೋರು ಅವನ ಹಿಂದಿನ ಗಾಡೀಲೇ ಇದ್ರು. ಅವರಿಗೆ ಮೂವತ್ತೆಂಟೇ ಆಗಿತ್ತು. ಅವರು ಮೊದಲು ಹೋಗಿ ಮುಟ್ಟಿ, ಮದುಮಗ ಬಂದನಾ ಅಂತ ಕೇಳ್ತಾ ಕೂತಿದ್ರು."

ಇಮಾಮಸಾಬ ಸ್ಟೇರಿಂಗಿಗೆ ಕೈ ಬಡಿದು ನಕ್ಕ. ಉಪಾಧ್ಯೆ ಪುಟ ತಿರುಗಿಸಿದರು. "ಶಾಲಾ ಮೇಡಂ, ಅರವತ್ತಮೂರು. ಒಲೆ ಮೇಲೆ ಹಾಲು?"

"ಒಲೆ ಆರಿಸಿದ್ನೋ ಇಲ್ವೋ ಅಂತ ಸಾರ್. ಆರಿಸಿಯೇ ಇದ್ರು. ಗಂಗಮಾಳವ್ವಂದು ನೋಡ್ರಿ ಅದೇ ಪುಟದಾಗೆ. ಸೊಸೆ ಮನೆಗೆ ಹೋಗೋವಾಗ ಮೂವತ್ತೆಂಟು, ಬರೋವಾಗ ಐವತ್ತೆಂಟು."

"ಹೋಗುವಾಗ ಚಿಂತೆ ಇರಲಿಲ್ಲವೇ?"

"ಹೋಗೋವಾಗ ಜಗಳ ಆಡೋ ಖುಷಿ ಇತ್ತು ಸಾರ್. ಬರೋವಾಗ ಇನ್ನೂ ನಾಲ್ಕು ಮಾತು ಅನ್ನಬೇಕಿತ್ತು ಅನ್ನೋ ಸಂಕಟ."

ಅವರು ತಲೆ ಹಿಂದಕ್ಕೆ ಹಾಕಿ ನಕ್ಕರು. ಆಮೇಲೆ ಒಂದೊಂದೇ ಕೇಳುತ್ತಾ ಹೋದರು. ಎತ್ತಿನ ಗಾಡಿಗೂ ಹೀಗಾಗುತ್ತದೆಯೇ? ಮೀಟರಿಲ್ಲದ ಕಡೆ ಹೇಗೆ ಅಳೆದಿರಿ? ಚಕ್ರಕ್ಕೆ ಕೆಂಪು ಬಟ್ಟೆ ಕಟ್ಟಿ ಸುತ್ತು ಎಣಿಸಿದೆ ಎಂದರೆ "ಭೇಷ್" ಎಂದರು. ನಡುದಾರಿಯ ಕಟ್ಟೆಯ ವಿಚಾರ ಹೇಳಿದಾಗ ಪೆನ್ನು ತೆಗೆದರು. ಇಪ್ಪತ್ತೇಳು ವರ್ಷದಲ್ಲಿ ನನ್ನ ಲೆಕ್ಕವನ್ನು ಒಬ್ಬರು ಎದುರು ಕೂತು ಕೇಳಿದ್ದು ಅದೇ ಮೊದಲು. ನಾನು ಮುಂದಕ್ಕೆ ಬಾಗಿ, ಎರಡು ಸೀಟಿನ ನಡುವೆ ತಲೆ ತೂರಿಸಿ, ಎಳೆ ಹುಡುಗಿಯ ಹಾಗೆ ಹೇಳುತ್ತಲೇ ಇದ್ದೆ. ಹುಣಸೆಮರ ಯಾವಾಗ ಬಂತು, ಯಾವಾಗ ಹೋಯಿತು, ನೋಡಲೇ ಇಲ್ಲ.

ಗಾಡಿ ನಿಂತಿತು. ಹೊಳೆಯಾಚೆಯ ಆಸ್ಪತ್ರೆಯ ಅಂಗಳ.

ಇಮಾಮಸಾಬ ಮೀಟರು ನೋಡಿದ, ನನ್ನನ್ನು ನೋಡಿದ. "ಮೂವತ್ತಾರು," ಎಂದ ಮೆಲ್ಲಗೆ.

ಮೂವತ್ತಾರು! ಯಾವ ಪುಸ್ತಕದಲ್ಲೂ ಅಷ್ಟು ಕಡಿಮೆ ಇರಲಿಲ್ಲ. ನಾನು ಗಾಡಿಯ ಬಾಗಿಲು ಹಿಡಿದು ನಿಂತೆ. ಚಿಂತೆಯ ಪಟ್ಟಿ ಸೆರಗಿನ ಗಂಟಿನಲ್ಲೇ ಇತ್ತು. ಅಂಬುಜಾಕ್ಷಿ, ಬಾಳಿನಲ್ಲಿ ಒಂದೇ ಒಂದು ದಿನ ಚಿಂತೆ ಮಾಡಬೇಕಾಗಿತ್ತು, ಆ ದಿನವೇ ನೀನು ಸುಖವಾಗಿದ್ದೆ. ತಾರಿಣಿಗೆ ಯಾವ ಮುಖ ತೋರಿಸಲಿ?

ಉಪಾಧ್ಯೆ ಮೀಟರಿನ ಮುಂದೆ ಬಾಗಿ ನೋಡಿದರು. ಚಕ್ರದ ಗಾಳಿ ಪರೀಕ್ಷಿಸಿದರು. ಮೊಬೈಲು ತೆಗೆದು ನಕಾಶೆ ನೋಡಿದರು. ಅಲ್ಲಿ ಮೂವತ್ತೆಂಟು. ಮತ್ತೆ ಮೀಟರು. ಮೂರು ಪೆನ್ನುಗಳಲ್ಲಿ ಒಂದನ್ನು ತೆಗೆದರು, ಮತ್ತೆ ಇಟ್ಟರು.

"ವಾಪಸ್ ಹೋಗೋಣ," ಎಂದರು.

ಹೊಳೆಯ ಸೇತುವೆ ದಾಟಿದ ಮೇಲೆ ಅವರ ಪುಸ್ತಕದ ಕನ್ನಡ ಸಡಿಲಾಗಿ, ಹುಟ್ಟಿದೂರಿನ ಮಾತು ಹೊರಬಂತು. "ಮೇಡಂ, ಹದಿನೆಂಟು ವರ್ಷ ಆತು ನಾ ದೂರಾ ಅಳೀಲಿಕ್ಕೆ ಹತ್ತಿ. ಎಷ್ಟೋ ಊರಿನ ಲೆಕ್ಕ ನನ್ನ ಸಹಿ ಮ್ಯಾಲೆ ನಿಂತದ. ಎಲ್ಲಾ ಕಡೆ ಹೋಗಿ ಅಳತಿ ಮಾಡಿ ಬಂದೀನಿ, ಖರೇ. ಆದ್ರ ನಾ ಅಳೀಲಿಕ್ಕೆ ಹೋದಾಗ ನನಗೇನೂ ಅವಸರಾ ಇರಲಿಲ್ಲಲ್ರೀ. ಇಲ್ಲೆ ಎರಡು ಕಿಲೋಮೀಟರ್ ಕಮ್ಮಿ ಆಗ್ತದ ಅಂದ್ರ, ಬ್ಯಾರೆ ಕಡೆ ಹೆಚ್ಚು ಆಗಿರಬಹುದಲ್ಲ? ನಾ ಚಾರ್ಜಿಂಗ್ ಕೇಂದ್ರ ಬ್ಯಾಡ ಅಂತ ಬರದ ಜಾಗಾದಾಗ ಯಾರ್ಯಾರ ಗಾಡಿ ನಿಂತದೋ?"

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಹುಣಸೆಮರ ಬರುವ ಹೊತ್ತಾಗಿತ್ತು, ಬಂದಿರಲಿಲ್ಲ.

ಈಗ ನಾನು ಮಾಡಬೇಕಾದದ್ದು ಏನೆಂದು ನಮ್ಮೂರಿನ ಕೂಸಿಗೂ ಗೊತ್ತು. ಜೊತೆಯವರ ಮುಖ ಬಾಡಿದೆ, ಮಾತು ತೆಗೆಯಬೇಕು. ನಾಲಿಗೆಯ ತುದಿಯಲ್ಲಿ ಮೇಕೆ ಕಳೆದುಕೊಂಡ ಚೆನ್ನಬಸವನ ಕಥೆ ಸಿದ್ಧವಾಗಿತ್ತು. ಅದನ್ನು ಹೇಳಿದ್ದರೆ ಅವರು ನಗುತ್ತಿದ್ದರು. ದಾರಿ ಮಡಿಚಿಕೊಂಡು ಮೂವತ್ತೆಂಟಾಗುತ್ತಿತ್ತು. ಪ್ರಯೋಗ ಮುಗಿಯುತ್ತಿತ್ತು. ತಾರಿಣಿ ಬ್ಯಾಟರಿ ಗಾಡಿ ಹತ್ತುತ್ತಿದ್ದಳು.

ಕನ್ನಡಿಯಲ್ಲಿ ಇಮಾಮಸಾಬನ ಕಣ್ಣು ಕಂಡಿತು. ಅವನೂ ನನ್ನನ್ನೇ ನೋಡುತ್ತಿದ್ದ. ಇಪ್ಪತ್ತು ವರ್ಷ ಒಂದು ದಿನವೂ ಬಾಯಿ ಮುಚ್ಚದ ಮನುಷ್ಯ. ನಾನು ಹೇಳುವುದಿಲ್ಲ ಎಂದು ಅವನಿಗೆ ತಿಳಿಯಿತು. ಅವನು ಒಮ್ಮೆ ಗಂಟಲು ಸರಿಮಾಡಿಕೊಂಡ, ಆಮೇಲೆ ತುಟಿ ಬಿಗಿದು ರಸ್ತೆ ನೋಡಿದ.

ಇಬ್ಬರೂ ಸುಮ್ಮನಿದ್ದೆವು. ಒಬ್ಬ ಒಳ್ಳೆಯ ಮನುಷ್ಯ ಕಣ್ಣೆದುರು ಸಂಕಟಪಡುತ್ತಿರುವಾಗ ಸುಮ್ಮನಿದ್ದೆವು. ಅದಕ್ಕಿಂತ ಉದ್ದದ ಹೊತ್ತನ್ನು ನಾನು ಯಾವ ಮೀಟರಿನಲ್ಲೂ ಕಂಡಿಲ್ಲ.

ಹುಣಸೆಮರ ಬಂದಾಗ ವಾಪಸು ದಾರಿಯ ಮೂವತ್ತು ಕಿಲೋಮೀಟರು ಕಳೆದಿತ್ತು. ಉಪಾಧ್ಯೆ ಒಮ್ಮೆ ಮರವನ್ನೂ ಒಮ್ಮೆ ಮೀಟರನ್ನೂ ನೋಡಿದರು. ಹಣೆಯ ಮೇಲೆ ಬೆವರು. ನಡುವೆ ಎಂದು ನಾನೇ ಹೇಳಿದ್ದೆನಲ್ಲ, ಮಿಕ್ಕಿದ್ದೂ ಮೂವತ್ತೇ ಎಂದು ಅವರಿಗೆ ಲೆಕ್ಕ ಹತ್ತಿತು. ಬ್ಯಾಟರಿಯಲ್ಲಿ ಉಳಿದದ್ದು ಇಪ್ಪತ್ತನಾಲ್ಕು. ಮೊಬೈಲಿನಲ್ಲಿ ನೀಲಿ ಚುಕ್ಕೆ ಒಂದೇ ಕಡೆ ನಿಂತಿತ್ತು. ಗಾಡಿ ಮಾತ್ರ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಕೆಂಪು ದೀಪ ಹತ್ತಿತು. ಆಮೇಲೆ ಗಾಡಿ ನಿಧಾನವಾಗಿ, ನಿದ್ದೆ ಹೋಗುವ ಮಗುವಿನ ಹಾಗೆ, ರಸ್ತೆಯ ಬದಿಗೆ ಸರಿದು ನಿಂತಿತು.

ಸುತ್ತ ಕರಿನೆಲ. ಐದು ಬನ್ನಿಮರ ಸಾಲಾಗಿ ನಿಂತಿದ್ದವು. ನಾನೂ ಆ ಮರಗಳನ್ನು ಹಿಂದೆ ಕಂಡಿರಲಿಲ್ಲ.

"ಇದು ಯಾವ ಊರಿನ ಸೀಮಿ?" ಉಪಾಧ್ಯೆ ಇಳಿದು ಕೇಳಿದರು.

ಇಮಾಮಸಾಬ ಟೋಪಿ ತೆಗೆದು ತಲೆ ಕೆರೆದುಕೊಂಡ. "ಯಾರ ಸೀಮೇನೂ ಅಲ್ಲ ಸಾರ್. ಇದು ನಿಮ್ದೇ. ನೆನ್ನೆ ಇರಲಿಲ್ಲ, ನಾಳೆ ಇರಲ್ಲ."

ನನಗೆ ತಡೆಯಲಾಗಲಿಲ್ಲ. "ಸಾರ್, ತಪ್ಪಾಯ್ತು. ನಾವಿಬ್ರೂ ಬೇಕಂತಲೇ ಸುಮ್ಮನಿದ್ವಿ. ಒಂದು ಮೇಕೆ ಕಥೆ ಹೇಳಿ ನಿಮ್ಮ ಮನಸ್ಸು ಬೇರೆ ಕಡೆ ತಿರುಗಿಸಬೋದಿತ್ತು, ತಿರುಗಿಸಲಿಲ್ಲ. ನನ್ ತಂಗಿಗೆ ದಿನ ತುಂಬ್ತಾ ಬಂದಿದೆ." ಆಮೇಲೆ ಅವ್ವನ ವಿಷಯ, ಜೀಪು, ಕಟ್ಟೆ, ಎಲ್ಲವನ್ನೂ ಹೇಳಿದೆ. ಅವರು ಬನ್ನಿಮರದ ಬುಡದಲ್ಲಿ ಕೂತು ಕೇಳಿದರು. ಕೇಳಿಯಾದ ಮೇಲೆ ನನ್ನ ಮೊದಲ ಪುಸ್ತಕ ತೆಗೆಸಿ ಮೊದಲ ಸಾಲು ನೋಡಿದರು. ಖಾಲಿ ಕಾಲಂ ಮೇಲೆ ಬೆರಳಿಟ್ಟರು.

"ಈಗ ಊರು ಮುಟ್ಟೋದು ಹೆಂಗ?"

"ನೀವು ಸಮಾಧಾನ ಆದ್ರೆ ಊರೇ ಬರ್ತದೆ," ಎಂದೆ.

"ನಮ್ಮ ನೌಕರ್ಯಾಗ ಸಮಾಧಾನ ಆಗ್ರಿ ಅಂತ ಹೇಳಿದವರು ಯಾರೂ ಇಲ್ಲ ಬಿಡ್ರಿ. ಆ ಮೇಕಿ ಕಥಿ ಏನೋ ಅಂದ್ರಲ್ಲ, ಅದನ್ನಾರ ಹೇಳ್ರಿ."

ಚೆನ್ನಬಸವ ಮೇಕೆ ಕಳೆದುಕೊಂಡದ್ದನ್ನು ನಾನು ಹೇಳಿದೆ, ಮೇಕೆಯ ಪಾತ್ರ ಇಮಾಮಸಾಬ ಮಾಡಿದ. ಮೇಕೆ ಗಂಗಮಾಳವ್ವನ ಅಟ್ಟದ ಮೇಲೆ ಸಿಕ್ಕಿ ಕೆಮ್ಮುವ ಜಾಗಕ್ಕೆ ಬರುವ ಹೊತ್ತಿಗೆ ಉಪಾಧ್ಯೆ ಹೊಟ್ಟೆ ಹಿಡಿದುಕೊಂಡಿದ್ದರು. ತಲೆ ಎತ್ತಿ ನೋಡಿದರೆ ಬನ್ನಿಮರಗಳು ಇರಲಿಲ್ಲ. ನೂರು ಹೆಜ್ಜೆ ಆಚೆ ಚಹಾದಂಗಡಿ, ಗೋಡೆಯ ಮೊಳೆಗಳಲ್ಲಿ ಗಡಿಯಾರಗಳು, ಸೊಂಟದ ಮೇಲೆ ಕೈಯಿಟ್ಟುಕೊಂಡು ಗಂಗಮಾಳವ್ವ. ಉಳಿದ ನೂರು ಹೆಜ್ಜೆ ಗಾಡಿಯನ್ನು ಮೂವರೂ ತಳ್ಳಿದೆವು.

ಶಾಂತಪ್ಪನ ಮುಖ ಬಿಳಿಚಿಕೊಂಡಿತ್ತು. "ಸಾರ್, ನಮ್ಮೂರಿಗೆ ಗೀಟು ಹೊಡೀಬ್ಯಾಡ್ರಿ," ಎಂದ.

ಉಪಾಧ್ಯೆ ಕೈ ತೊಳೆದು, ಬೆಂಚಿನ ಮೇಲೆ ಕೂತು, ಮತ್ತೆ ಪುಸ್ತಕದ ಕನ್ನಡಕ್ಕೆ ಬಂದರು. "ಮೂರನೆಯ ಪ್ರಯೋಗದಲ್ಲಿ ವಾಹನ ತನ್ನ ಶಕ್ತಿಯಿಂದ ಊರು ಸೇರಲಿಲ್ಲ. ಆದ್ದರಿಂದ ಪ್ರಯೋಗ ಮುಗಿದಿಲ್ಲ. ಪ್ರಯೋಗ ಮುಗಿಯದೆ ಹಳೆಯ ವಾಹನ ವಾಪಸು ಕಳಿಸುವಂತಿಲ್ಲ. ನಡುದಾರಿಯಲ್ಲಿ, ಹುಣಸೆಮರದ ಕಟ್ಟೆಯ ಬಳಿ, ಚಾರ್ಜಿಂಗ್ ಕೇಂದ್ರ ಆದ ಮೇಲೆ ಪ್ರಯೋಗ ಮುಂದುವರಿಯತಕ್ಕದ್ದು. ಆಧಾರ: ಅಂಬುಜಾಕ್ಷಿಯವರ ಸ್ವತಂತ್ರ ಸಂಶೋಧನೆ, ಹನ್ನೊಂದು ಸಂಪುಟ." ಬರೆದು ಸಹಿ ಹಾಕಿದರು. ಆಮೇಲೆ ನನ್ನ ಕಡೆ ನೋಡಿ ತಗ್ಗಿದ ದನಿಯಲ್ಲಿ, "ಮಂಡಳಿ ಒಪ್ತದೋ ಇಲ್ಲೋ ಗೊತ್ತಿಲ್ರೀ. ನಾ ಮಾತ್ರ ಹಳೇ ಊರಿಗೆಲ್ಲ ಮತ್ತ ಒಮ್ಮೆ ಹೋಗಿ ಬರಬೇಕು," ಎಂದರು. ಹೋಗುವಾಗ ಅವರಿಗೆ ದಾರಿ ಎಷ್ಟಾಯಿತೋ, ಹೇಳಿ ಕಳಿಸುವವರು ಯಾರೂ ಇರಲಿಲ್ಲ.

ತಾರಿಣಿಗೆ ನೋವು ಬಂದದ್ದು ಅದಾದ ಹನ್ನೊಂದನೆಯ ದಿನ, ಮಟಮಟ ಮಧ್ಯಾಹ್ನ. ಹಳೆಯ ಡೀಸೆಲ್ ಗಾಡಿ ಮನೆ ಮುಂದೆ ಗುಡುಗುಡು ಎನ್ನುತ್ತಾ ನಿಂತಿತು. ನಾನು ಅವಳನ್ನು ಮಲಗಿಸಿ, ಹೊದಿಕೆ ಸರಿಮಾಡಿ, ನಿಯಮದಂತೆ ಕೆಳಗಿಳಿದು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಕೇರಿಯವರೆಲ್ಲ ಸೇರಿದ್ದರು. ಡೀಸೆಲ್ ಇದ್ದರೇನು, ತೊಂಬತ್ತೇಳು ಆದರೆ? ನೂರಿಪ್ಪತ್ತಾದರೆ? ಗಾಡಿ ನಿಲ್ಲದೇ ಇರಬಹುದು, ಹೊತ್ತು ನಿಲ್ಲುತ್ತದೆಯೇ?

ಇಮಾಮಸಾಬ ಬಾಗಿಲು ಮುಚ್ಚಲಿಲ್ಲ. "ಹತ್ರಿ ಅಕ್ಕಯ್ಯ," ಎಂದ.

ಜನ ಗುಜುಗುಜು ಅಂದರು. "ಏಯ್ ಇಮಾಮಣ್ಣ, ಆಯಮ್ಮನ್ನ ಹತ್ತಿಸ್ತೀಯಾ? ತಲೆ ಕೆಟ್ಟಿದೆಯಾ?" ಎಂದು ಶಾಂತಪ್ಪ ಕೂಗಿದ.

"ಬರೀ ಆಯಮ್ಮ ಬಂದ್ರೆ ತೊಂಬತ್ತೇಳು ಕಣೋ. ಪುಸ್ತಕ ತಗೊಂಡು ಬಂದ್ರೆ ಮೂವತ್ತಾರು. ನಾನೇ ನೋಡೀನಿ."

ಒಳಗಿಂದ ತಾರಿಣಿ ಹಲ್ಲು ಕಚ್ಚಿಕೊಂಡೇ ಕೂಗಿದಳು: "ಅಕ್ಕ, ಆ ಸೊಸೆ ಮನೆ ಜಗಳದ್ದು ಯಾವ ಪುಸ್ತಕ? ಅದನ್ನ ತಗೊಂಡ್ ಬಾ."

ಹತ್ತಿದೆ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಇಪ್ಪತ್ತೇಳು ವರ್ಷದ ಹಿಂದಿನ ಅದೇ ಭಾರ. ಬಾಯಿಗೆ ಬಂದ ಮೊದಲ ಮಾತು "ಬೇಗ". ನುಂಗಿಕೊಂಡೆ. ಪುಸ್ತಕ ಬಿಚ್ಚಿದೆ. ಅಕ್ಷರ ಕುಣಿಯುತ್ತಿದ್ದವು. ಓದಿದೆ. ಗಂಗಮಾಳವ್ವನ ದನಿ ಮಾಡಿದೆ, ಸೊಸೆಯ ದನಿ ಮಾಡಿದೆ. ನೋವು ಬಂದಾಗ ತಾರಿಣಿ ನನ್ನ ಮಣಿಕಟ್ಟು ಹಿಂಡುತ್ತಿದ್ದಳು, ನೋವು ಹೋದಾಗ "ಆಮೇಲೆ?" ಅನ್ನುತ್ತಿದ್ದಳು. "ಆಮೇಲೆ ಸೊಸೆ ಏನಂದ್ಲು?" ಇಮಾಮಸಾಬ ಮುಂದಿನಿಂದ ತಪ್ಪು ತಿದ್ದುತ್ತಿದ್ದ. ಹುಣಸೆಮರದ ನೆರಳು ಗಾಡಿಯೊಳಗೆ ಬಂದು ತಾರಿಣಿಯ ಮುಖದ ಮೇಲಿಂದ ಹಾದು ಹೋಯಿತು. ಮೂವರಿಗೂ ಗೊತ್ತಾಯಿತು. ನಾನು ಇನ್ನೂ ಜೋರಾಗಿ ಓದಿದೆ.

ಆಸ್ಪತ್ರೆಯ ಅಂಗಳದಲ್ಲಿ ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಇಮಾಮಸಾಬ ಕೇಳಿದ: "ಎಷ್ಟಾಯ್ತು ಅಕ್ಕಯ್ಯ?" ಹೊರಡುವಾಗ ಮೀಟರು ನೋಡಿಕೊಂಡಿರಲಿಲ್ಲ. ಅವನೂ ನೋಡಿರಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಕಟ್ಟೆಯ ಬಳಿ ಈಗ ಒಂದು ಕಂಬ ನೆಟ್ಟಿದ್ದಾರೆ. ಕರೆಂಟು ಇನ್ನೂ ಬಂದಿಲ್ಲ. ಬಂದೀತೋ ಇಲ್ಲವೋ ಎಂದು ನಾನು ದಿನಕ್ಕೆ ನಾಲ್ಕು ಸಲ ಚಿಂತಿಸುತ್ತೇನೆ, ಗಂಗಮಾಳವ್ವ ನಾಲ್ಕು ಸಲವೂ ಬೈಯುತ್ತಾಳೆ. ಹನ್ನೆರಡನೆಯ ಪುಸ್ತಕ ಶುರು ಮಾಡಿದ್ದೇನೆ. ಅದರ ಮೊದಲ ಸಾಲಿನಲ್ಲಿ ತಾರೀಖಿದೆ, ತಾರಿಣಿಯ ಹೆಸರಿದೆ, ದೂರದ ಕಾಲಂ ಖಾಲಿ ಇದೆ. ಷರಾ: ಹೆಣ್ಣು ಮಗು. ಎರಡು ಮುಕ್ಕಾಲು ಕೇಜಿ.